ಪದ್ಮವ್ವನ ಎಸಿ, ನನ್ನ ಎಸಿ

ನಮ್ಮ ಜಿಲ್ಲೆಯಲ್ಲಿ ಎಸಿ ಎಂದರೆ ಎರಡು. ಒಂದು, ಗುಂಡಿ ತಿರುವಿದರೆ ತಣ್ಣನೆಯ ಗಾಳಿ ಬಿಡುವ ಯಂತ್ರ. ಇನ್ನೊಂದು, ಬೋರ್ಡಿನ ಮೇಲೆ ಉಪವಿಭಾಗಾಧಿಕಾರಿ ಎಂದು ಬರೆಸಿಕೊಂಡರೂ ಜನರ ಬಾಯಲ್ಲಿ ಎಸಿ ಸಾಹೇಬರಾಗಿಯೇ ಉಳಿದಿರುವ ಅಸಿಸ್ಟೆಂಟ್ ಕಮಿಷನರ್. ಅಣೆಕಟ್ಟಿನ ಹಿನ್ನೀರಿನಲ್ಲಿ ಊರುಗಳೇ ಮುಳುಗಿ, ಮಂದಿಯೆಲ್ಲ ಹೊಸ ಪ್ಲಾಟು, ಹೊಸ ಹಕ್ಕುಪತ್ರ ಎಂದು ಓಡಾಡಿದ ಸೀಮೆ ಇದು. ಇಲ್ಲಿ ಎರಡನೆಯ ಎಸಿಯ ಹೆಸರೇ ಹೆಚ್ಚು ಕೇಳುತ್ತದೆ. ಈ ಮಾತು ಹಾಲು ಕುಡಿಯುವ ಕೂಸಿಗೂ ಗೊತ್ತು. ಇಪ್ಪತ್ತೆಂಟು ವರ್ಷ ಪಾಠ ಹೇಳಿದ ನನಗೆ ಮಾತ್ರ ಏಳು ತಿಂಗಳು ಹೊಳೆಯಲಿಲ್ಲ.

ನಾನು ಬಸಯ್ಯ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮನೆ. ಡಿಪ್ಲೊಮಾ ಹುಡುಗರಿಗೆ ಶೈತ್ಯೀಕರಣ, ಅಂದರೆ ಫ್ರಿಜ್ಜು ಮತ್ತು ಎಸಿಗಳ ಶಾಸ್ತ್ರ ಕಲಿಸಿ ನಿವೃತ್ತನಾದವನು. ಹುಡುಗರು ನನಗೆ 'ಗ್ಯಾಸ್ ಬಸಯ್ಯ' ಎಂದು ಹೆಸರಿಟ್ಟಿದ್ದರು. ಕಂಪ್ರೆಸರಿನ ಗ್ಯಾಸಿನ ಬಗ್ಗೆ ನಾನು ಅಷ್ಟು ಚೆನ್ನಾಗಿ ಹೇಳುತ್ತೇನೆಂದು ಇಟ್ಟಿದ್ದಾರೆ ಎಂದುಕೊಂಡು ಒಳಗೊಳಗೇ ಉಬ್ಬಿದ್ದೆ. ನಿವೃತ್ತಿಯ ದಿನ ಹೆಂಡತಿ ಸುನಂದಾ ನನ್ನ ಭ್ರಮೆ ಬಿಡಿಸಿದಳು. "ನೀವು ಬಿಡೋ ಗ್ಯಾಸ್ ನೋಡಿ ಇಟ್ಟಾರ್ರಿ ಆ ಹೆಸರು," ಎಂದಳು.

ಇಷ್ಟೆಲ್ಲ ಕಲಿಸಿದವನು ಕೈಯಾರೆ ಒಂದು ಎಸಿಯನ್ನೂ ಕೂಡ್ರಿಸಿರಲಿಲ್ಲ. ಕಪ್ಪು ಹಲಗೆಯ ಮೇಲೆ ಮಾತ್ರ ಸಾವಿರ ಎಸಿ ಕೂಡ್ರಿಸಿದ್ದೆ, ಅವೆಲ್ಲ ಚೆನ್ನಾಗಿಯೇ ನಡೆದಿದ್ದವು.

ಹೋದ ವರ್ಷ ಬಾದಾಮಿ ಹತ್ತಿರದ ಬನಶಂಕರಿಯ ಒಬ್ಬ ತೆಂಗಿನ ತೋಟದವರ ಹತ್ತಿರ ಒಂದು ಹಳೆಯ ಪಿಕಪ್ ಕಂಡೆ. ಎಪ್ಪತ್ನಾಲ್ಕನೆಯ ಇಸವಿಯ ಗಾಡಿ. ಮುಂದೆ ಜೀಪಿನ ಮೂತಿ, ಹಿಂದೆ ಕಬ್ಬಿಣದ ತೊಟ್ಟಿ, ಅದರೊಳಗೆ ಕೋಳಿ ಮರಿ ಮಾಡಿತ್ತು. ಕಂಡ ಕೂಡಲೇ ನನಗೆ ಹುಚ್ಚು ಹಿಡಿಯಿತು. ಅದನ್ನು ತಂದು, ಹಸಿರು ಬಣ್ಣ ಬಳಿಸಿ, ಹೆಂಡತಿಯನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡು ಬಾದಾಮಿಯಿಂದ ಬಾಗಲಕೋಟೆಗೆ ಬಂದೆ. ಅಕ್ಟೋಬರಿನ ಬಿಸಿಲು. ಮೇಲೆ ಬರಿಯ ತಗಡು, ಕೆಳಗೆ ಇಂಜಿನ್ನಿನ ಕಾವು. ಸುನಂದಾ ಚಪ್ಪಲಿ ಕಾಲನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟುಕೊಂಡೇ ಬಂದಳು. ಮನೆ ಮುಟ್ಟಿದ ಮೇಲೆ ಸೀದಾ ನಳದ ಕೆಳಗೆ ತಲೆ ಕೊಟ್ಟು ಕೂತಳು. ಆಮೇಲೆ ಎದ್ದು ಹೇಳಿದಳು:

"ಇದರಾಗ ಎಸಿ ಕುಂದ್ರಿಸ್ರಿ. ಇಲ್ಲಾಂದ್ರ ನನ್ನ ಕುಂದ್ರಸಬ್ಯಾಡ್ರಿ."

ಅವಳು ಬೈದದ್ದು. ನಾನು ಅದನ್ನು ಸವಾಲು ಎಂದು ತೆಗೆದುಕೊಂಡೆ.

ಇನ್ನು ಪದ್ಮವ್ವ. ಸುನಂದಾಳ ಅಕ್ಕ, ನನಗಿಂತ ಎರಡು ವರ್ಷ ದೊಡ್ಡವರು. ಹುನಗುಂದದ ಆಚೆ ಒಂದು ಪುನರ್ವಸತಿ ಕೇಂದ್ರದಲ್ಲಿದ್ದಾರೆ. ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಹುನಗುಂದದ ಖಾನಾವಳಿಗಳಿಗೆ ದಿನಾ ರೊಟ್ಟಿ ಬಡಿದು ಕೊಡುತ್ತಾರೆ. ಗಂಡ ತೀರಿಕೊಂಡ ಮೇಲೆ, ಊರು ಮುಳುಗಿದ ಮೇಲೆ, ಹನ್ನೊಂದು ವರ್ಷದ ಹಿಂದೆ ಅವರಿಗೊಂದು ಪ್ಲಾಟು ಸಿಕ್ಕಿತು. ಮನೆ ಕಟ್ಟಿಕೊಂಡರು. ಆದರೆ ಹಕ್ಕುಪತ್ರದಲ್ಲಿ ಹೆಸರು ಪದ್ಮಣ್ಣ ಎಂದು ಬಂತು.

ತಪ್ಪು ಯಾವ ಆಫೀಸಿನದೂ ಅಲ್ಲ, ನನ್ನದು. ಫಾರಂ ತುಂಬಿದವನು ನಾನೇ. ಕನ್ನಡದ ಫಾರಮನ್ನು ಇಂಗ್ಲಿಷಿನಲ್ಲಿ ತುಂಬಿದೆ, ಮಂದಿಯ ಮುಂದೆ ದೊಡ್ಡ ಮನುಷ್ಯ ಅನ್ನಿಸಿಕೊಳ್ಳಲಿಕ್ಕೆ. ನನ್ನ ಕೈಬರಹ ಹೇಗಿತ್ತೆಂದರೆ ಪದ್ಮವ್ವನ ಎರಡು 'ವಿ'ಗಳು ಎರಡು 'ಎನ್'ಗಳಾಗಿ ಕಂಡವು. ಓದಿದವರು ಓದಿದಂತೆ ಬರೆದರು. ಪದ್ಮವ್ವ ಸರಕಾರದ ಕಡತದಲ್ಲಿ ಗಂಡಸಾದರು.

ಮೊದಮೊದಲು ನಗೆಯಾಡಿದೆವು. ಆಮೇಲೆ ಪದ್ಮವ್ವ ನಗುವುದನ್ನು ಬಿಟ್ಟರು. "ಮಾಸ್ತರ, ನನಗೊಬ್ಬಾಕೀನ ಮಗಳು. ನಾಳಿ ನಾ ಕಣ್ಣು ಮುಚ್ಚಿದ್ರ ಬಸವೇಶ್ವರಿ ಈ ಮನಿ ತನ್ನ ಅವ್ವಂದು ಅಂತ ಹೆಂಗ ಹೇಳಬೇಕು? ಪದ್ಮಣ್ಣ ಯಾರು ಅಂತ ಕೇಳಿದ್ರ ಎಲ್ಲಿಂದ ಹುಡುಕ್ಯಾಡಿ ತರಬೇಕು?" ಎಂದರು. ಎಸಿ ಸಾಹೇಬರು ನೋಡಿ ಸಹಿ ಮಾಡಿದರೆ ಹೆಸರು ತಿದ್ದುತ್ತಾರಂತೆ, ತಾವೇ ಹೋಗಿ ಬರಲೇ ಎಂದು ಕೇಳಿದರು. ನಾನು ಕೈ ಬೀಸಿದೆ. "ನಿಮಗ ಅದೆಲ್ಲಾ ತಿಳಿಯೂದಿಲ್ರಿ ಅಕ್ಕಾರ. ಎಸಿ ಕೆಲಸ ನನಗ ಬಿಡ್ರಿ," ಎಂದೆ. ಮನೆಗೆ ಬಂದು ಮೂರು ಪುಟದ ಅರ್ಜಿ ಬರೆದೆ, ಮತ್ತೆ ಇಂಗ್ಲಿಷಿನಲ್ಲಿಯೇ. ಮಾರನೆಯ ವಾರ ಪಿಕಪ್ ಸಿಕ್ಕಿತು. ಅರ್ಜಿ ಎಲ್ಲಿಟ್ಟೆನೋ ಇವತ್ತಿಗೂ ನೆನಪಿಲ್ಲ.

ಇಳಕಲ್ಲಿನ ಹೆದ್ದಾರಿ ಬದಿಗೆ ಖಾದರಬಾಷಾನ ಗ್ಯಾರೇಜಿದೆ. ಗ್ರಾನೈಟು ಹೊರುವ ಲಾರಿಗಳೆಲ್ಲ ಅವನ ಕೈಯಲ್ಲಿಯೇ ರಿಪೇರಿ. ಅವನ ಹತ್ತಿರ ಹೋಗಿ ಎಂಟು ಹಾಳೆಯ ಲೆಕ್ಕ ಕೊಟ್ಟೆ: ತಗಡಿನಿಂದ ಎಷ್ಟು ಕಾವು ಬರುತ್ತದೆ, ಇಬ್ಬರು ಮನುಷ್ಯರ ಮೈಯಿಂದ ಎಷ್ಟು, ಎಷ್ಟು ಟನ್ನಿನ ಎಸಿ ಬೇಕು. ಅವನು ಹಾಳೆಗಳನ್ನು ಮರ್ಯಾದೆಯಿಂದ ತೆಗೆದುಕೊಂಡು, ಹಿಂದಿನ ಖಾಲಿ ಬದಿಗೆ ಕಂಪ್ರೆಸರ್ ಕೂಡ್ರಿಸುವ ಪಟ್ಟಿಯ ಅಳತೆ ಬರೆದುಕೊಂಡ.

"ಲೆಕ್ಕ ಚಲೋ ಐತ್ರಿ ಸರ," ಎಂದ. "ಆದ್ರ ಇದು ಗಾಡಿ ಅಲ್ರಿ, ಜರಡಿ. ಮೊದಲ ತೂತು ಮುಚ್ಚೂಣು."

ತೂತು ಮುಚ್ಚುವುದಕ್ಕೇ ಎರಡು ತಿಂಗಳು ಹೋಯಿತು. ಬಾಗಿಲಿಗೆ ರಬ್ಬರು, ನೆಲಕ್ಕೆ ಹೊಸ ತಗಡು, ತಲೆಯ ಮೇಲೆ ಥರ್ಮೋಕೋಲು. ಆಮೇಲೆ ಗುಜರಿಗೆ ಬಂದ ಒಂದು ಕಾರಿನಿಂದ ಎಸಿಯ ಭಾಗಗಳನ್ನು ತಂದ. ಕಂಪ್ರೆಸರ್ ಕೂಡ್ರಿಸಲು ಇಂಜಿನ್ನಿನ ಬದಿಗೆ ಜಾಗವಿಲ್ಲ, ಬ್ಯಾಟರಿ ಸರಿಸಿದ. ಬ್ಯಾಟರಿಗೆ ಜಾಗವಿಲ್ಲ, ಅದನ್ನು ಸೀಟಿನ ಕೆಳಗಿಟ್ಟ. ನಾನು ಹೋದಾಗಲೆಲ್ಲ ಸ್ಟೂಲಿನ ಮೇಲೆ ಕೂತು ಸಲಹೆ ಕೊಡುತ್ತಿದ್ದೆ. ಅವನು ಪ್ರತಿ ಸಲಹೆಗೂ "ಹೌದ್ರಿ ಸರ" ಎಂದು, ತನಗೆ ತಿಳಿದಂತೆಯೇ ಮಾಡುತ್ತಿದ್ದ. ಅವನು ಎಲ್ಲಿ ನನ್ನ ಮಾತು ಕೇಳಿದನೋ ಅಲ್ಲೆಲ್ಲ ಕೆಲಸ ಕೆಟ್ಟಿತು. ಬೆಲ್ಟು ಇನ್ನೂ ಬಿಗಿಯಾಗಲಿ ಎಂದವನು ನಾನೇ, ಇದು ಮುಂದೆ ಬೇಕಾಗುತ್ತದೆ ಎಂದು ಈಗಲೇ ಒಪ್ಪಿಕೊಳ್ಳುತ್ತೇನೆ.

ಈ ಏಳು ತಿಂಗಳಲ್ಲಿ ಪದ್ಮವ್ವ ನಾಲ್ಕೈದು ಸಲ ಫೋನು ಮಾಡಿದರು. ಪ್ರತಿ ಸಲವೂ ನನ್ನ ತಲೆ ಇಳಕಲ್ಲಿನ ಗ್ಯಾರೇಜಿನಲ್ಲಿಯೇ ಇತ್ತು.

"ಮಾಸ್ತರ, ಎಸಿ ಕೆಲಸ ಎಲ್ಲೀತನಾ ಬಂತ್ರಿ?"

"ನಡದೈತ್ರಿ ಅಕ್ಕಾರ. ಖಾದರಬಾಷಾ ಅಂತ ಒಬ್ಬಾಂವ ಸಿಕ್ಕಾನ, ಅವನ ಕೈಯಾಗ ಕೊಟ್ಟೀನಿ. ಭಾಳ ಹುಷಾರ ಅದಾನ."

ಆಫೀಸಿನಲ್ಲಿ ಯಾರೋ ಪರಿಚಯದವರು ಸಿಕ್ಕಿದ್ದಾರೆ ಎಂದು ಅವರು ತಿಳಿದರು. ಸಂಕ್ರಾಂತಿಯ ನಂತರ ಮತ್ತೆ ಕೇಳಿದರು. ಆಗ ನಾನು ಹೇಳಿದ್ದು ಇದು: "ಎಲ್ಲಾ ಆತ್ರಿ. ಒಂದೀಟು ಗ್ಯಾಸ್ ತುಂಬಿದ್ರ ತಣ್ಣಗ ಆಗ್ತೈತಿ."

"ಖರೇರಿ. ದೊಡ್ಡವರಿಗೆ ಅದು ಬೇಕ ಬೇಕ," ಎಂದರು ಪದ್ಮವ್ವ. ಪಿಕಪ್ಪಿಗೆ ಯಾರಾದರೂ 'ದೊಡ್ಡವರು' ಅನ್ನುತ್ತಾರೆಯೇ ಎಂದು ಕ್ಷಣವಾದರೂ ಯೋಚಿಸಬೇಕಿತ್ತು. ನನ್ನ ಗಾಡಿಗೆ ಗೌರವ ಕೊಟ್ಟರು ಎಂದು ಖುಷಿಪಟ್ಟೆ, ಮೂರ್ಖ.

ಮೇ ತಿಂಗಳ ಮೊದಲ ವಾರ ಕಡೆಯ ಫೋನು ಬಂತು. "ಮಾಸ್ತರ, ಓಣಿಯವರೆಲ್ಲಾ ಬಾಗಲಕೋಟಿಗೆ ಹೊಂಟಾರ್ರಿ. ನಾನೂ ಬರಲೇನು?"

ಮದುವೆಯ ಸೀಜನ್ನು, ಎಲ್ಲರೂ ಬಟ್ಟೆ ತರಲು ಹೊರಟಿರಬೇಕು ಎಂದುಕೊಂಡೆ. "ನೀವ್ಯಾಕ ಬಿಸಲಾಗ ಬರ್ತೀರಿ? ಶುಕ್ರವಾರ ಎಸಿ ಗಾಡಿಯೊಳಗ ಕುಂದ್ರಿಸಿ ಸೀದಾ ನಿಮ್ಮ ಬಾಗಿಲಿಗೇ ಬರ್ತೇನಿ, ನೋಡ್ರಿ," ಎಂದೆ.

ಪದ್ಮವ್ವ ಅಳುತ್ತಲೇ, "ನಿಮ್ಮ ಉಪಕಾರ ಹೆಂಗ ತೀರಿಸಲ್ರಿ ಮಾಸ್ತರ," ಎಂದರು. ಒಂದು ತಂಪು ಗಾಳಿಗೆ ಇಷ್ಟು ಅಳುವುದೇ ಎಂದು ಅನ್ನಿಸಿತು. ಅಕ್ಕ ತಂಗಿ ಇಬ್ಬರಿಗೂ ಸೆಕೆ ತಡೆಯುವುದಿಲ್ಲ ಎಂದು ತೀರ್ಮಾನಿಸಿ ಫೋನು ಇಟ್ಟೆ.

ಶುಕ್ರವಾರ ಎರಡು ಗಂಟೆಗೆ ಇಳಕಲ್ಲಿನಿಂದ ಹೊರಟೆ. ಸುನಂದಾಳನ್ನು ಕರೆದಿದ್ದೆ. "ಮೊದಲ ನೀವು ಹೋಗಿ ಜೀವಂತ ಬರ್ರಿ, ಆಮ್ಯಾಲೆ ನೋಡೂಣು," ಎಂದು ಮನೆಯಲ್ಲಿಯೇ ಉಳಿದಿದ್ದಳು. ಗಾಜು ಏರಿಸಿ ಗುಂಡಿ ತಿರುವಿದೆ. ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ದೇವರಾಣೆ, ಕಪ್ಪು ಹಲಗೆಯಿಂದ ಇಳಿದು ಬಂದ ಗಾಳಿ! ಹೊರಗೆ ರಸ್ತೆ ಕಾದ ಹಂಚಾಗಿತ್ತು, ಒಳಗೆ ನನಗೆ ಚಳಿ. ಒಬ್ಬನೇ ಹಾಡಿಕೊಳ್ಳುತ್ತ ಹುನಗುಂದ ದಾಟಿದೆ.

ಪದ್ಮವ್ವನ ಓಣಿಗೆ ತಿರುಗಿದರೆ ಅಲ್ಲಿ ಇಪ್ಪತ್ತು ಮಂದಿ ನಿಂತಿದ್ದರು. ಬಾಗಿಲ ಮುಂದೆ ನೀರು ಹೊಡೆದು ರಂಗೋಲಿ. ಒಂದು ಕುರ್ಚಿ, ಅದರ ಮೇಲೆ ಹೊಸ ಟವೆಲು. ಮೇಜಿನ ಮೇಲೆ ಶಾಲು, ತೆಂಗಿನಕಾಯಿ, ಅಮೀನಗಡದ ಕರದಂಟು. ಪದ್ಮವ್ವ ಇಳಕಲ್ ಸೀರೆಯುಟ್ಟು, ತಲೆ ತುಂಬ ಸೆರಗು ಹೊದ್ದು ಕೈ ಮುಗಿದು ನಿಂತಿದ್ದರು. ಹಳೆಯ ಗಾಡಿಯೊಂದನ್ನು ಹೊಸದು ಮಾಡಿದವನಿಗೆ ಹಳ್ಳಿಯ ಮಂದಿ ಇಷ್ಟು ಮರ್ಯಾದೆ ಕೊಡುತ್ತಾರಲ್ಲ ಎಂದು ನನ್ನ ಕಣ್ಣು ತುಂಬಿ ಬಂತು. ಇಳಿದು ಎಲ್ಲರಿಗೂ ಕೈ ಮುಗಿದೆ. ಒಬ್ಬ ಮುದುಕ ಹಾರ ಹಿಡಿದು ಬಂದ, ನಾನು ಕೊರಳು ಬಾಗಿಸಿದೆ. ಅವನು ನನ್ನನ್ನು ದಾಟಿಕೊಂಡು ಹೋಗಿ ಪಕ್ಕದ ಸೀಟಿನತ್ತ ಇಣುಕಿದ.

"ಎಲ್ಲಿ ಅದಾರ್ರಿ?" ಎಂದ.

"ಯಾರು?"

"ಎಸಿ ಕುಂದ್ರಿಸಿಕೊಂಡು ಬರ್ತೇನಿ ಅಂದಿದ್ರೆಲ್ರಿ," ಎಂದರು ಪದ್ಮವ್ವ.

"ಕುಂದ್ರಿಸೀನಲ್ರಿ!" ಎಂದು ನಾನು ಉತ್ಸಾಹದಿಂದ ಬಾಗಿಲು ತೆಗೆದೆ. "ಇಲ್ಲಿ ಕೈ ಹಿಡೀರಿ. ಹೆಂಗ ಬರಾಕತ್ತೈತಿ ನೋಡ್ರಿ!"

ಮುದುಕ ಕೈ ಹಿಡಿದು ನೋಡಿದ. ಅವನ ಕೈಯಲ್ಲಿದ್ದ ಹಾರ ಆ ಗಾಳಿಗೆ ಸ್ವಲ್ಪ ಅಲ್ಲಾಡಿತು. ಹಿಂದೆ ನಿಂತಿದ್ದ ಒಬ್ಬ ಹುಡುಗಿ ಮೊದಲು ನಕ್ಕಳು, ಆಮೇಲೆ ಓಣಿಯೇ ನಕ್ಕಿತು. ಆಗ ನನಗೆ ಹೊಳೆಯಿತು. ಏಳು ತಿಂಗಳ ಫೋನಿನ ಮಾತುಗಳು ಒಂದೊಂದಾಗಿ ಕಿವಿಗೆ ಬಂದು ಅಪ್ಪಳಿಸಿದವು. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ನಾನು ಖರೆಯೇ ಕಾಲಕೆಳಗೆ ನೋಡಿದೆ.

ಪದ್ಮವ್ವ ನಗಲಿಲ್ಲ. "ಹೆಸರು ತಿದ್ದೋ ಅರ್ಜಿ ತೊಗೊಳ್ಳಾಕ ಇವತ್ತ ಕಡೇ ದಿನ್ರಿ ಮಾಸ್ತರ," ಎಂದರು. "ಅದಕ್ಕ ಓಣಿಯವರೆಲ್ಲಾ ಹೋಗಿ ಬಂದರು. ನೀವು ಸಾಹೇಬ್ರನ್ನ ಕರಕೊಂಡು ಬರ್ತೀರಿ ಅಂತ ನಾ ಒಬ್ಬಾಕಿನ ಉಳದೀನಿ."

ಅವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗಷ್ಟು ಹಗುರಾಗುತ್ತಿತ್ತು. ಗಡಿಯಾರ ನೋಡಿದೆ, ಮೂರಕ್ಕೆ ಹತ್ತು ನಿಮಿಷ. ಆಫೀಸು ಐದೂವರೆಗೆ ಮುಚ್ಚುತ್ತದೆ. ಬಾಗಲಕೋಟೆ ಐವತ್ತು ಕಿಲೋಮೀಟರಿನ ಮೇಲೆ.

"ಹತ್ರಿ ಅಕ್ಕಾರ," ಎಂದೆ. ಅವರು ಹಕ್ಕುಪತ್ರದ ಚೀಲ ಬಗಲಲ್ಲಿ ಇಟ್ಟುಕೊಂಡು ಹತ್ತಿದರು.

ಹೊರಟೆವು. ಎಸಿ ನಡೆದೇ ಇತ್ತು. ಅದನ್ನು ಬಂದ್ ಮಾಡಲೋ ಬೇಡವೋ ತಿಳಿಯಲಿಲ್ಲ. ಪದ್ಮವ್ವ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದು ಕೂತರು. ಅಮೀನಗಡ ದಾಟಿದ ಮೇಲೆ, "ತಂಪು ಖರೇನ ಚಲೋ ಐತ್ರಿ," ಎಂದರು. ಆ ಮೆಚ್ಚುಗೆ ನನ್ನ ಎದೆಗೆ ಚುಚ್ಚಿತು.

ಕಮತಗಿ ಇನ್ನೂ ಸ್ವಲ್ಪ ದೂರ ಇರುವಾಗ ಇಂಜಿನ್ನಿನಿಂದ ಕಿರ್ ಎಂದು ಕಿರುಚುವ ಸದ್ದು ಬಂತು. ಸುಟ್ಟ ರಬ್ಬರಿನ ವಾಸನೆ. ಕಾವಿನ ಮುಳ್ಳು ಕೆಂಪಿಗೆ ಹೋಗಿ ನಿಂತಿತ್ತು. ಬದಿಗೆ ಹಾಕಿ ಬಾನೆಟ್ ಎತ್ತಿದರೆ ಹೊಗೆ. ಎಸಿಯ ಕಂಪ್ರೆಸರ್ ಸಿಕ್ಕಿಬಿದ್ದು ಬೆಲ್ಟು ಅದರ ಮೇಲೆ ಉಜ್ಜುತ್ತಿತ್ತು. ನಾಲ್ಕಕ್ಕೆ ಐದು ನಿಮಿಷವಿತ್ತು. ಖಾದರಬಾಷಾನಿಗೆ ಫೋನು ಮಾಡಿದೆ.

"ಬೆಲ್ಟು ಭಾಳ ಬಿಗಿ ಆತ್ರಿ ಸರ. ನಾ ಹೇಳಿದ್ದೆ," ಎಂದ. "ಈಗ ಅದನ್ನ ಕೊಯ್ದು ಬಿಡ್ರಿ. ಇಂಜಿನ್ ತಣ್ಣಗಾಗಲಿ, ನೀರು ಹಾಕಿ ಹೊಂಡ್ರಿ."

"ಯಾವ ಬೆಲ್ಟು? ಎರಡು ಅದಾವು."

ಇಪ್ಪತ್ತೆಂಟು ವರ್ಷ ಪಾಠ ಹೇಳಿದವನು ಈ ಪ್ರಶ್ನೆ ಕೇಳಿದನಲ್ಲ ಎಂದು ಅವನಿಗೂ ನಾಚಿಕೆಯಾಗಿರಬೇಕು. "ಹೊರಗಿಂದು ಸರ. ಒಳಗಿಂದು ಕೊಯ್ದ್ರ ಅಲ್ಲೇ ಸಂಸಾರ ಹೂಡಬೇಕಾಗ್ತೈತಿ."

ಟೂಲ್ ಡಬ್ಬಿಯಿಂದ ಗರಗಸದ ಅಲಗು ತೆಗೆದೆ. ಏಳು ತಿಂಗಳ ಕೆಲಸ. ಬ್ಯಾಟರಿ ಸರಿಸಿದ್ದು, ತೂತು ಮುಚ್ಚಿದ್ದು, ಎಂಟು ಹಾಳೆಯ ಲೆಕ್ಕ, ಎಲ್ಲ ಆ ಒಂದು ಬೆಲ್ಟಿನ ಮೇಲೆ ನಿಂತಿತ್ತು. ಸುಳ್ಳು ಹೇಳುವುದಿಲ್ಲ. ಬೆಲ್ಟನ್ನು ಬೋಲ್ಟು ಸಡಿಲಿಸಿ ಉಳಿಸಿಕೊಳ್ಳಬಹುದೇ, ಅರ್ಧ ಗಂಟೆ ಹಿಡಿಯುತ್ತದೆಯೇ ಎಂದು ಆ ಹೊತ್ತಿನಲ್ಲಿಯೂ ಮನಸ್ಸು ಲೆಕ್ಕ ಹಾಕಿತು. ಪದ್ಮವ್ವ ಬೇವಿನ ಗಿಡದ ಕೆಳಗೆ ನಿಂತು ರಸ್ತೆಯ ಮೇಲೆ ಬರುವ ಬಸ್ಸುಗಳನ್ನು ನೋಡುತ್ತಿದ್ದರು. ಅವರನ್ನು ನೋಡಿದ ಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಕಣ್ಣು ಮುಚ್ಚಿ ಅಲ್ಲ, ಕಣ್ಣು ತೆರೆದೇ ಕೊಯ್ದೆ. ಹೊರಗಿನದನ್ನೇ ಕೊಯ್ದೆ.

ಇಂಜಿನ್ ತಣ್ಣಗಾಗುವವರೆಗೆ ಕಾದು, ಹತ್ತಿರದ ಹೊಲದ ಬೋರಿನಿಂದ ನೀರು ತಂದು ಹಾಕಿ ಹೊರಟೆವು. ಗಾಜು ಇಳಿಸಿದೆವು. ಬಿಸಿ ಗಾಳಿ ರಪರಪ ಬಡಿಯಿತು. ಪದ್ಮವ್ವನ ಸೆರಗು ಹಾರಿ ನನ್ನ ಮುಖಕ್ಕೆ ಬಂತು. ಬಾಗಲಕೋಟೆ ಮುಟ್ಟಿ ಎಸಿ ಆಫೀಸಿನ ಮೆಟ್ಟಿಲು ಹತ್ತಿದಾಗ ಐದು ಗಂಟೆ ಹತ್ತು ನಿಮಿಷ.

ಕಿಟಕಿಯ ಹಿಂದೆ ಒಬ್ಬ ಹೆಣ್ಣುಮಗಳು ಅರ್ಜಿಗಳನ್ನು ಜೋಡಿಸುತ್ತಿದ್ದಳು. ಹಕ್ಕುಪತ್ರ ಕೊಟ್ಟೆವು. "ಪದ್ಮಣ್ಣ ಅನ್ನಾವ್ರು ಬಂದಾರೇನ್ರಿ?" ಎಂದು ಕೇಳಿದಳು.

"ನಾನ ಯವ್ವಾ," ಎಂದರು ಪದ್ಮವ್ವ.

ಆಕೆ ತಲೆಯೆತ್ತಿ ನೋಡಿ ತುಟಿ ಕಚ್ಚಿ ನಗು ತಡೆದುಕೊಂಡಳು. "ಹಿಂಗ ಯಾರು ಬರದಿದ್ರಬೇ?" ಎಂದಳು. ಪದ್ಮವ್ವ ನನ್ನ ಕಡೆ ನೋಡಲೇ ಇಲ್ಲ. ನಾನೇ ಹೇಳಿದೆ: "ನಾನ್ರಿ."

ಒಂದೇ ಹಾಳೆಯ ಫಾರಂ ಕೊಟ್ಟಳು. ಆಧಾರ್ ಕಾರ್ಡಿನ ಪ್ರತಿ ಹಚ್ಚಿ, ಸರಿಯಾದ ಹೆಸರು ಬರೆದು ಕೊಟ್ಟರೆ ಸಾಕು, ಸಾಹೇಬರು ಸೋಮವಾರ ನೋಡುತ್ತಾರೆ ಎಂದಳು. ಅಷ್ಟೇ. ಹನ್ನೊಂದು ವರ್ಷ, ಮೂರು ಪುಟದ ಇಂಗ್ಲಿಷ್ ಅರ್ಜಿ, ಎಲ್ಲಕ್ಕೂ ಒಂದು ಹಾಳೆ. ಜೇಬಿನಿಂದ ಪೆನ್ನು ತೆಗೆದು ಟೊಪ್ಪಿಗೆ ಬಿಚ್ಚಿದೆ. ಈ ಸಲ ಕನ್ನಡದಲ್ಲಿಯೇ, ಬಿಡಿಬಿಡಿಯಾಗಿ ಬರೆಯಬೇಕೆಂದು ಉಸಿರು ಹಿಡಿದೆ. ಮೇಜಿನ ಮೇಲೆ ಹೆಬ್ಬೆಟ್ಟು ಒತ್ತುವ ಶಾಯಿಯ ಡಬ್ಬಿಯೂ ಇತ್ತು, ಅದನ್ನು ಎಡಗೈಯಿಂದ ಪದ್ಮವ್ವನ ಕಡೆ ಸರಿಸಿದೆ.

ಅವರು ಡಬ್ಬಿಯನ್ನು ಹಿಂದಕ್ಕೆ ಸರಿಸಿದರು.

"ಪೆನ್ನು ಕೊಡ್ರಿ ಮಾಸ್ತರ."

ಕೊಟ್ಟೆ. ಅವರು ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು, ಸ್ವಲ್ಪ ಬಾಗಿ, ಪದ್ಮವ್ವ ಎಂದು ಬರೆದರು. ದುಂಡನೆಯ ಅಕ್ಷರ. ಕೆಳಗಿನ ಒತ್ತು ಕೂಡ ಮೇಲಿನ 'ವ'ದಷ್ಟೇ ಸ್ಪಷ್ಟ. ಗಂಡನ ಹೆಸರು, ಊರು, ಮುಳುಗಿದ ಊರು, ಪ್ಲಾಟಿನ ನಂಬರು, ಒಂದರ ಕೆಳಗೊಂದು, ಎಲ್ಲಿಯೂ ತಡೆಯದೆ ಬರೆದರು.

"ನಿಮಗ ಬರಿಯಾಕ ಬರ್ತೈತೇನ್ರಿ?" ಎಂದೆ.

"ಏಳನೇ ಕ್ಲಾಸು ಪಾಸಾಗೀನ್ರಿ."

"ಮತ್ತ ಆವತ್ತ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ. ಬಂದವರ ನನ್ನ ಹೆಬ್ಬೆಟ್ಟು ಹಿಡದು ಶಾಯಿಯೊಳಗ ಒತ್ತಿದ್ರಿ," ಎಂದರು ಪದ್ಮವ್ವ, ತಲೆಯೆತ್ತದೆ. "ದೊಡ್ಡ ಮಾಸ್ತರು, ಹಂಗ ಕಾಯ್ದೆ ಇರಬೇಕು ಅಂತ ಸುಮ್ಮನಿದ್ದೆ."

ಹಾಳೆಯ ಕೊನೆಗೆ 'ಅರ್ಜಿ ತುಂಬಿದವರು' ಎಂಬ ಸಾಲು ಖಾಲಿ ಉಳಿದಿತ್ತು. ಕಿಟಕಿಯ ಹೆಣ್ಣುಮಗಳು ನನ್ನ ಮುಖ ನೋಡಿದಳು. ಪದ್ಮವ್ವ ಅಲ್ಲಿಯೂ ತಮ್ಮ ಹೆಸರನ್ನೇ ಬರೆದು, ಪೆನ್ನಿನ ಟೊಪ್ಪಿಗೆ ಹಾಕಿ, ನನ್ನ ಕೈಗೆ ಕೊಟ್ಟರು.